ಮೂಗಿನ ತುದಿಯಲ್ಲೊಂದು ರೆಕ್ಕೆ

ಒಂದು ವಿಮಾನದ ಚಿತ್ರ ಬರೆಯುವಂತೆ ಮನೆಯ ಮಗುವಿಗೆ ಹೇಳಿ ನೋಡಿ. ಮೊದಲು ಉದ್ದನೆಯ ಮೈ ಬರುತ್ತದೆ, ಅದರ ನಡುವೆ ಎರಡು ದೊಡ್ಡ ರೆಕ್ಕೆಗಳು, ಕೊನೆಗೆ ಬಾಲದ ಹತ್ತಿರ ಎರಡು ಪುಟ್ಟ ರೆಕ್ಕೆಗಳು. ನಾವೆಲ್ಲರೂ ಹಾಗೆಯೇ ಬರೆದು ಬೆಳೆದವರು. ಈಗ ನೀವು ಆ ಬಾಲದ ರೆಕ್ಕೆಗಳನ್ನು ಅಳಿಸಿ ಮೂಗಿನ ಹತ್ತಿರ ಬರೆಯಿರಿ. ಎಂಜಿನ್ನನ್ನೂ ಪ್ರೊಪೆಲರನ್ನೂ ಹಿಂದಕ್ಕೆ ಕಳುಹಿಸಿ. ವಿಮಾನ ಹಿಂದುಮುಂದಾಗಿ ಹಾರುತ್ತಿದೆಯಲ್ಲ ಎಂದು ಮಗು ನಗುತ್ತದೆ.

ಈ ಹಿಂದುಮುಂದಿನ ವಿಮಾನಕ್ಕೆ ಕೆನಾರ್ಡ್ ಎಂದು ಹೆಸರು. ಫ್ರೆಂಚ್ ಭಾಷೆಯಲ್ಲಿ ಹಾಗೆಂದರೆ ಬಾತುಕೋಳಿ. ಕತ್ತನ್ನು ಮುಂದಕ್ಕೆ ಚಾಚಿ, ರೆಕ್ಕೆಗಳನ್ನು ಹಿಂದಕ್ಕಿಟ್ಟುಕೊಂಡು ಹಾರುವ ಬಾತುಕೋಳಿಯನ್ನು ನೆನೆಸಿಕೊಂಡರೆ ಹೆಸರಿನ ಔಚಿತ್ಯ ನಿಮಗೆ ತಿಳಿಯುತ್ತದೆ. (ಅದೇ ಪದಕ್ಕೆ ಸುಳ್ಳುಸುದ್ದಿ ಎಂಬ ಇನ್ನೊಂದು ಅರ್ಥವೂ ಇದೆ. ಈ ವಿಮಾನವನ್ನು ಮೆಚ್ಚದವರಿಗೆ ಅದು ಒಳ್ಳೆಯ ತಮಾಷೆ.) ಯುದ್ಧವಿಮಾನಗಳಲ್ಲಿಯೂ ಇಂಥ ಮುಂದಿನ ರೆಕ್ಕೆ ಇರುವುದುಂಟು. ಯಲಹಂಕದ ವೈಮಾನಿಕ ಪ್ರದರ್ಶನಕ್ಕೆ ಹೋದವರು ಸುಖೋಯ್-30 ವಿಮಾನದಲ್ಲಿ ಅದನ್ನು ನೋಡಿರಬಹುದು. ಆದರೆ ಇಲ್ಲಿ ಹೇಳಹೊರಟಿರುವುದು ಅಂಥ ದೊಡ್ಡ ಯಂತ್ರಗಳ ಸಂಗತಿಯಲ್ಲ. ಕಾರು ನಿಲ್ಲಿಸುವ ಗ್ಯಾರೇಜಿನಲ್ಲಿ, ರಜೆಯ ದಿನಗಳಲ್ಲಿ, ಸಾಮಾನ್ಯ ಜನ ತಮ್ಮ ಕೈಯಾರೆ ಕಟ್ಟಿ, ತಾವೇ ಕುಳಿತು ಹಾರಿಸಿದ ಕೆನಾರ್ಡ್‌ಗಳ ಸಂಗತಿ.

ಒಂದು ಲೆಕ್ಕದಲ್ಲಿ ಜಗತ್ತಿನ ಮೊದಲ ವಿಮಾನವೇ ಇಂಥದು. ರೈಟ್ ಸಹೋದರರು ಅಮೆರಿಕದ ಡೇಟನ್ ಊರಿನಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದವರು. ಆ ಅಂಗಡಿಯ ಉಪಕರಣಗಳಿಂದಲೇ ಅವರು ಕಟ್ಟಿದ ವಿಮಾನ 1903ರ ಡಿಸೆಂಬರ್ 17ರಂದು ಕಿಟಿ ಹಾಕ್‌ನ ಮರಳ ಮೇಲೆ 12 ಸೆಕೆಂಡುಗಳ ಕಾಲ, 120 ಅಡಿ ಹಾರಿತು. ಅದರ ಚಿತ್ರವನ್ನು ಮತ್ತೊಮ್ಮೆ ಗಮನಿಸಿ. ಮೂತಿಯನ್ನು ಮೇಲೆ ಕೆಳಗೆ ಮಾಡುವ ಪುಟ್ಟ ರೆಕ್ಕೆಗಳು ಮುಂದುಗಡೆ ಇವೆ.

ಅವರು ಅದನ್ನು ಮುಂದೆ ಇಟ್ಟದ್ದರ ಹಿಂದೆ ಒಂದು ಸಾವಿನ ನೆನಪಿತ್ತು. ಜರ್ಮನಿಯ ಆಟೋ ಲಿಲಿಯೆಂತಾಲ್ ಎಂಜಿನ್ ಇಲ್ಲದ ಗ್ಲೈಡರುಗಳಲ್ಲಿ ಗುಡ್ಡದಿಂದ ತೇಲಿ ಬರುತ್ತಿದ್ದ ಸಾಹಸಿ. 1896ರ ಆಗಸ್ಟ್‌ನಲ್ಲಿ ಅವನ ಗ್ಲೈಡರ್ ಗಾಳಿಯಲ್ಲಿ ತಟಸ್ಥವಾಗಿ ನಿಂತಂತಾಗಿ ಕೆಳಕ್ಕೆ ಬಿದ್ದಿತು. ಮರುದಿನ ಅವನು ತೀರಿಕೊಂಡ. ರೈಟ್ ಸಹೋದರರ ಆಸಕ್ತಿ ಕೆರಳಿದ್ದೇ ಈ ಸುದ್ದಿಯಿಂದ. ತಮಗೂ ಅದೇ ಗತಿ ಬರಬಾರದೆಂದು ಅವರು ನಿಯಂತ್ರಣದ ರೆಕ್ಕೆಯನ್ನು ಕಣ್ಣೆದುರಿಗೇ ಇಟ್ಟುಕೊಂಡರು.

ಲಿಲಿಯೆಂತಾಲನನ್ನು ಕೊಂದ ಆ ಸ್ಥಿತಿಗೆ ವಿಮಾನ ಹಾರಿಸುವವರು ಸ್ಟಾಲ್ ಎನ್ನುತ್ತಾರೆ. ಇದನ್ನು ತಿಳಿಯಲು ದೊಡ್ಡ ಪುಸ್ತಕ ಬೇಕಾಗಿಲ್ಲ. ಚಲಿಸುವ ಬಸ್ಸಿನ ಕಿಟಕಿಯಿಂದ ಬಾಲ್ಯದಲ್ಲಿ ಕೈ ಹೊರಗೆ ಚಾಚಿ ನೀವು ಬೈಸಿಕೊಂಡಿರಬಹುದು. ಅಂಗೈಯನ್ನು ಮಟ್ಟಸವಾಗಿ ಹಿಡಿದು ಮುಂದಿನ ಅಂಚನ್ನು ತುಸು ಎತ್ತಿದರೆ ಗಾಳಿ ಕೈಯನ್ನು ಮೇಲಕ್ಕೆ ಎತ್ತುತ್ತದೆ. ಇನ್ನಷ್ಟು ಎತ್ತಿದರೆ ಇನ್ನಷ್ಟು ಎತ್ತುತ್ತದೆ. ಒಂದು ಹಂತ ದಾಟಿತೋ, ಎತ್ತುವ ಬಲ ಥಟ್ಟನೆ ಕುಸಿದು, ಗಾಳಿ ಕೈಯನ್ನು ಬರಿದೇ ಹಿಂದಕ್ಕೆ ತಳ್ಳುತ್ತದೆ. ವಿಮಾನದ ರೆಕ್ಕೆಗೂ ಹೀಗೆಯೇ. ನೆಲಕ್ಕೆ ಹತ್ತಿರದಲ್ಲಿ, ಕಡಿಮೆ ವೇಗದಲ್ಲಿ, ಚಾಲಕ ಮೂತಿಯನ್ನು ಅತಿಯಾಗಿ ಎತ್ತಿದರೆ ರೆಕ್ಕೆ ಕೈಬಿಡುತ್ತದೆ. ಒಂದು ಬದಿಯ ರೆಕ್ಕೆ ಮೊದಲು ಕೈಬಿಟ್ಟರೆ ವಿಮಾನ ಬುಗುರಿಯಂತೆ ಸುತ್ತುತ್ತ ಇಳಿಯುತ್ತದೆ.

ಬಾತುಕೋಳಿ ಎಂಬ ಹೆಸರು ಪ್ಯಾರಿಸಿನ ಕೊಡುಗೆ. ಬ್ರೆಜಿಲ್ ದೇಶದ ಸಾಂಟೋಸ್-ದುಮೋಂ 1906ರ ನವೆಂಬರ್‌ನಲ್ಲಿ ಅಲ್ಲಿ 220 ಮೀಟರ್ ಹಾರಿಸಿದ ವಿಮಾನವೂ ಉದ್ದ ಕತ್ತಿನ ಇದೇ ಜಾತಿಯದು. ಆದರೆ ಈ ಜಾತಿ ಬೇಗನೆ ಹಿಂದೆ ಬಿದ್ದಿತು. ಮುಂದಿನ ರೆಕ್ಕೆಯ ಆ ಮೊದಲ ವಿಮಾನಗಳು ಗಾಳಿಯಲ್ಲಿ ನೆಲೆ ನಿಲ್ಲುತ್ತಿರಲಿಲ್ಲ, ಏಳುತ್ತ ಬೀಳುತ್ತ ಸಾಗುತ್ತಿದ್ದವು. ರೈಟ್ ಸಹೋದರರೇ 1910ರಲ್ಲಿ ಆ ರೆಕ್ಕೆಯನ್ನು ಬಾಲಕ್ಕೆ ಸಾಗಿಸಿದರು. ಮುಂದಿನ ಅರ್ಧ ಶತಮಾನ ಮಕ್ಕಳೂ ಎಂಜಿನಿಯರುಗಳೂ ಒಂದೇ ತರಹದ ಚಿತ್ರ ಬರೆದರು.

ಅದನ್ನು ಮತ್ತೆ ಹಿಂದುಮುಂದು ಮಾಡಿದವನು ಬರ್ಟ್ ರುಟಾನ್. 1943ರಲ್ಲಿ ಅಮೆರಿಕದ ಓರೆಗಾನ್‌ನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯದಲ್ಲಿ ಬೆಳೆದ ಈತ ಚಿಕ್ಕಂದಿನಿಂದ ಆಟಿಕೆಯ ವಿಮಾನಗಳನ್ನು ತಾನೇ ಕಲ್ಪಿಸಿ ಕಟ್ಟುತ್ತಿದ್ದವನು. ಓದು ಮುಗಿಸಿ 1965ರಲ್ಲಿ ಎಡ್ವರ್ಡ್ಸ್ ವಾಯುನೆಲೆಯಲ್ಲಿ ಪರೀಕ್ಷಾ ಎಂಜಿನಿಯರಾಗಿ ಸೇರಿದ. ಅಲ್ಲಿ ಅವನಿಗೆ ಒದಗಿದ ಕೆಲಸವನ್ನು ನೀವು ಗಮನಿಸಬೇಕು. ಫ್ಯಾಂಟಮ್ ಎಂಬ ಯುದ್ಧವಿಮಾನ ಸ್ಟಾಲ್ ಆಗಿ ಸುತ್ತುತ್ತ ಬೀಳುವುದೇಕೆ, ಬಿದ್ದರೆ ಬಿಡಿಸಿಕೊಳ್ಳುವುದು ಹೇಗೆ ಎಂಬ ಪರೀಕ್ಷೆಗಳಲ್ಲಿ ಅವನು ದುಡಿದ. ಲಿಲಿಯೆಂತಾಲನ ಸಾವಿಗೆ ಕಾರಣವಾದ ಸಮಸ್ಯೆ ಎಪ್ಪತ್ತು ವರ್ಷಗಳ ಮೇಲೂ ಜೀವ ತೆಗೆಯುತ್ತಿತ್ತು.

ಸ್ಟಾಲ್ ಆಗದಂತೆ ಹಾರಿಸುವುದನ್ನು ಚಾಲಕನಿಗೆ ಕಲಿಸುವ ಬದಲು, ಸ್ಟಾಲ್ ಆಗಲಾರದ ವಿಮಾನವನ್ನೇ ಏಕೆ ಕಟ್ಟಬಾರದು? ರುಟಾನ್ ಹಿಡಿದ ದಾರಿ ಇದು. ಅದಕ್ಕೆ ಉತ್ತರ ಮುಂದಿನ ರೆಕ್ಕೆಯಲ್ಲಿತ್ತು. ಅದನ್ನು ಹಿಂದಿನ ದೊಡ್ಡ ರೆಕ್ಕೆಗಿಂತ ತುಸು ಹೆಚ್ಚು ಕೋನದಲ್ಲಿ ಕೂರಿಸಿ, ಹೆಚ್ಚು ಭಾರ ಹೊರುವಂತೆ ಮಾಡಬೇಕು. ಆಗ ಚಾಲಕ ಮೂತಿಯನ್ನು ಎತ್ತುತ್ತ ಹೋದರೆ ಮೊದಲು ಸೋಲುವುದು ಮುಂದಿನ ಪುಟ್ಟ ರೆಕ್ಕೆ. ಅದು ಸೋತ ಕೂಡಲೇ ಮೂತಿ ತಾನಾಗಿ ಬಾಗುತ್ತದೆ, ವೇಗ ಕೂಡುತ್ತದೆ, ರೆಕ್ಕೆ ಮತ್ತೆ ಚೇತರಿಸಿಕೊಳ್ಳುತ್ತದೆ. ದೊಡ್ಡ ರೆಕ್ಕೆ ಸೋಲುವ ಕೋನದವರೆಗೆ ಮೂತಿ ಏಳುವುದೇ ಇಲ್ಲ. ಚಾಲಕ ಕೋಲನ್ನು ಪೂರಾ ಎಳೆದು ಹಿಡಿದರೂ ವಿಮಾನ ತಲೆದೂಗುತ್ತ ಮೆಲ್ಲಗೆ ಇಳಿಯುತ್ತದೆಯೇ ವಿನಾ ಉರುಳುವುದಿಲ್ಲ.

ಇನ್ನೊಂದು ಲಾಭವನ್ನೂ ಇದರ ಪರವಾಗಿ ಹೇಳುವುದುಂಟು. ಸಾಮಾನ್ಯ ವಿಮಾನವನ್ನು ನಮ್ಮ ಹಳ್ಳಿಗಳ ಏತಕ್ಕೆ ಹೋಲಿಸಬಹುದು. ರೆಕ್ಕೆಯೇ ಕವೆಗಂಬ. ಮುಂದಿನ ತೂಕವನ್ನು ಸರಿದೂಗಿಸಲು ಬಾಲ ಸಾಮಾನ್ಯವಾಗಿ ಕೆಳಕ್ಕೆ ಒತ್ತುತ್ತಿರುತ್ತದೆ. ಆ ಒತ್ತಡವನ್ನೂ ರೆಕ್ಕೆಯೇ ಹೊರಬೇಕು. ಕೆನಾರ್ಡ್‌ನಲ್ಲಾದರೋ ಬಿದಿರಿಗೆ ಹೊರೆ ಕಟ್ಟಿ ಇಬ್ಬರು ಹೆಗಲು ಕೊಟ್ಟಂತೆ ಎರಡೂ ರೆಕ್ಕೆಗಳು ಮೇಲಕ್ಕೇ ಎತ್ತುತ್ತವೆ. ಕೇಳಲು ಇದು ಚೆನ್ನಾಗಿದೆ. ಆದರೆ ಮುಂದಿನ ರೆಕ್ಕೆ ಕದಡಿದ ಗಾಳಿ ಹಿಂದಿನ ರೆಕ್ಕೆಗೆ ಬಡಿಯುವುದರಿಂದ ಈ ಉಳಿತಾಯದ ಒಂದು ಪಾಲು ಕೈತಪ್ಪುತ್ತದೆ. ಅಲ್ಲದೆ ದೊಡ್ಡ ರೆಕ್ಕೆ ತನ್ನ ಪೂರ್ಣ ಶಕ್ತಿಯನ್ನು ಎಂದೂ ಬಳಸದ ಕಾರಣ ವಿಮಾನ ವೇಗವಾಗಿಯೇ ನೆಲ ಮುಟ್ಟಬೇಕು, ಅದಕ್ಕೆ ಉದ್ದನೆಯ ಓಡುದಾರಿ ಬೇಕು. ರುಟಾನನ ವಿಮಾನಗಳು ಕಡಿಮೆ ಪೆಟ್ರೋಲಿನಲ್ಲಿ ದೂರ ಹೋದದ್ದಕ್ಕೆ ಅವುಗಳ ನುಣುಪಾದ ಮೈ ಮತ್ತು ಚಿಕ್ಕ ಗಾತ್ರ ಕೂಡ ಅಷ್ಟೇ ಕಾರಣ ಎಂದು ನನ್ನ ಎಣಿಕೆ.

ಅವನ ಮೊದಲ ಕೆನಾರ್ಡ್ 1972ರಲ್ಲಿ ಹಾರಿತು. ಸ್ವೀಡನ್ನಿನ ವಿಗ್ಗೆನ್ ಯುದ್ಧವಿಮಾನದ ಗೌರವಕ್ಕೆ ಅದಕ್ಕೆ ವೇರಿವಿಗ್ಗೆನ್ ಎಂದು ಹೆಸರಿಟ್ಟಿದ್ದ. ವಿನ್ಯಾಸವನ್ನು ಪರೀಕ್ಷಿಸಲು ಗಾಳಿಸುರಂಗ ಎಲ್ಲಿಂದ ಬರಬೇಕು? ಮಾದರಿಯೊಂದನ್ನು ಮಾಡಿ ತನ್ನ ಕಾರಿನ ಮೇಲೆ ಕಟ್ಟಿಕೊಂಡು ರಸ್ತೆಯಲ್ಲಿ ವೇಗವಾಗಿ ಓಡಿಸಿ ಅಳತೆ ತೆಗೆದುಕೊಂಡ. ಬಸ್ಸಿನ ಕಿಟಕಿಯ ಕೈಯಾಟವೇ, ತುಸು ಲೆಕ್ಕಾಚಾರದೊಡನೆ! 1974ರಲ್ಲಿ ಮೊಹಾವಿ ಮರುಭೂಮಿಯ ವಿಮಾನನಿಲ್ದಾಣದಲ್ಲಿ ಸ್ವಂತ ಕಂಪನಿ ತೆರೆದ. ಮರುವರ್ಷ ವೇರಿಈಝೀ ಹಾರಿತು. ಹೆಸರಿನ ಅರ್ಥ ‘ಬಹಳ ಸುಲಭ’ ಎಂದು. ಅದೇ ವರ್ಷ ಅಣ್ಣ ಡಿಕ್ ರುಟಾನ್ ಅದರಲ್ಲಿ ಎಲ್ಲಿಯೂ ಇಳಿಯದೆ 1638 ಮೈಲಿ ಹಾರಿ ಆ ತೂಕದ ವಿಮಾನಗಳಲ್ಲಿ ದಾಖಲೆ ಮಾಡಿದ. ನೋಡಿದವರೆಲ್ಲ ನಮಗೂ ಬೇಕು ಎಂದರು.

ರುಟಾನ್ ವಿಮಾನ ಮಾರಲಿಲ್ಲ, ಪುಸ್ತಕ ಮಾರಿದ. 1976ರಿಂದ ಅವನು ಕಳುಹಿಸಿಕೊಟ್ಟದ್ದು ವಿಮಾನ ಕಟ್ಟುವ ವಿಧಾನವನ್ನು ಹಂತಹಂತವಾಗಿ ತಿಳಿಸುವ ನಕ್ಷೆ ಮತ್ತು ಬರಹ. ಅಮೆರಿಕದ ಕಾನೂನಿನಲ್ಲಿ, ವಿಮಾನದ ಹೆಚ್ಚಿನ ಭಾಗವನ್ನು ಹವ್ಯಾಸಿ ತನ್ನ ಕಲಿಕೆಗಾಗಿ, ಸಂತೋಷಕ್ಕಾಗಿ ತಾನೇ ಕಟ್ಟಿದ್ದರೆ ಅದಕ್ಕೆ ‘ಪ್ರಾಯೋಗಿಕ’ ಎಂಬ ವರ್ಗದಲ್ಲಿ ಪರವಾನಗಿ ದೊರೆಯುತ್ತದೆ. ಇಂಥ ಹವ್ಯಾಸಿಗಳ ಸಂಘ 1953ರಿಂದಲೇ ಇತ್ತು. ಆದರೆ ಅದುವರೆಗೆ ಮನೆಯಲ್ಲಿ ವಿಮಾನ ಕಟ್ಟುವುದೆಂದರೆ ಮರ ಕೆತ್ತುವುದು, ಉಕ್ಕಿನ ಕೊಳವೆ ಬೆಸೆಯುವುದು, ಅಲ್ಯುಮಿನಿಯಂ ತಗಡಿಗೆ ಸಾವಿರಾರು ರಿವೆಟ್ ಹೊಡೆಯುವುದು ಎಂದಾಗಿತ್ತು. ರುಟಾನ್ ಇದೆಲ್ಲವನ್ನೂ ಬದಿಗಿಟ್ಟ.

ಗಣೇಶನ ಹಬ್ಬಕ್ಕೆ ಮಂಟಪ ಮಾಡುವವರು ಥರ್ಮೋಕೋಲನ್ನು ಕಾದ ತಂತಿಯಿಂದ ಕತ್ತರಿಸುವುದನ್ನು ನೀವು ನೋಡಿದ್ದೀರಲ್ಲ? ಈ ವಿಮಾನದ ರೆಕ್ಕೆ ಹುಟ್ಟುವುದು ಹಾಗೆಯೇ. ಥರ್ಮೋಕೋಲಿನ ಹತ್ತಿರದ ಸಂಬಂಧಿಯಾದ, ಅದಕ್ಕಿಂತ ಗಟ್ಟಿಯಾದ ನೀಲಿ ಬಣ್ಣದ ಫೋಮ್ ದಿಮ್ಮಿಯನ್ನು ಮೇಜಿನ ಮೇಲೆ ಇಡುತ್ತಾರೆ. ರೆಕ್ಕೆಯ ಅಡ್ಡಕೊಯ್ತದ ಆಕಾರಕ್ಕೆ ಕತ್ತರಿಸಿದ ಎರಡು ಅಚ್ಚುಗಳನ್ನು ದಿಮ್ಮಿಯ ಎರಡು ತುದಿಗಳಿಗೆ ಮೊಳೆ ಹೊಡೆದು ನಿಲ್ಲಿಸುತ್ತಾರೆ. ಬಿಲ್ಲಿನಂತೆ ಬಿಗಿದ ತಂತಿಗೆ ವಿದ್ಯುತ್ ಹಾಯಿಸಿ, ಆ ತುದಿಗೊಬ್ಬರು ಈ ತುದಿಗೊಬ್ಬರು ಹಿಡಿದು ಅಚ್ಚಿನ ಅಂಚಿಗೆ ತಾಗಿಸಿ ಎಳೆಯುತ್ತಾರೆ. ಅಚ್ಚಿನ ಮೇಲೆ ಒಂದು, ಎರಡು, ಮೂರು ಎಂದು ಗುರುತುಗಳಿರುತ್ತವೆ. ಒಬ್ಬರು ಗಟ್ಟಿಯಾಗಿ ಎಣಿಸುತ್ತಾರೆ, ಇಬ್ಬರೂ ಒಂದೇ ವೇಗದಲ್ಲಿ ಸಾಗುತ್ತಾರೆ. ಬುಡದಲ್ಲಿ ಅಗಲವಾಗಿ ತುದಿಯಲ್ಲಿ ಕಿರಿದಾಗುವ ರೆಕ್ಕೆಗೆ ಈ ಎಣಿಕೆ ಅತಿ ಮುಖ್ಯ, ಏಕೆಂದರೆ ಎರಡು ತುದಿಗಳಲ್ಲಿ ತಂತಿ ಸಾಗಬೇಕಾದ ದೂರವೇ ಬೇರೆ. ಒಬ್ಬರು ತುಸು ನಿಂತರೆ ತಂತಿ ಅಲ್ಲಿ ಹೆಚ್ಚು ಕರಗಿಸಿ ತಗ್ಗು ಮಾಡುತ್ತದೆ. ಕೆಲವೇ ನಿಮಿಷಗಳಲ್ಲಿ ರೆಕ್ಕೆಯ ತಿರುಳು ಸಿದ್ಧ. ಎಲ್ಲ ಫೋಮಿಗೂ ಈ ಉಪಾಯ ಸಲ್ಲದು. ಮೈಯ ಬಾಗುಗಳಿಗೆ ಬಳಸುವ ಯುರಿಥೇನ್ ಫೋಮಿಗೆ ಕಾದ ತಂತಿ ತಗುಲಿಸಿದರೆ ವಿಷಾನಿಲ ಏಳುತ್ತದೆ. ಅದನ್ನು ಚಾಕು, ಉಜ್ಜುಕಾಗದಗಳಿಂದ ಕೆತ್ತಬೇಕು.

ಫೋಮ್ ಬರಿಯ ಆಕಾರ. ಬಲ ಬರುವುದು ಅದರ ಮೇಲೆ ಹೊದಿಸುವ ಗಾಜಿನ ಎಳೆಗಳ ಬಟ್ಟೆಯಿಂದ. ಒಂದು ಬಗೆಯ ಬಟ್ಟೆಯಲ್ಲಿ ಹೆಚ್ಚಿನ ಎಳೆಗಳೆಲ್ಲ ಒಂದೇ ದಿಕ್ಕಿಗೆ ಇರುತ್ತವೆ, ಇನ್ನೊಂದರಲ್ಲಿ ಹಾಸು ಹೊಕ್ಕು ಎರಡಕ್ಕೂ ಸಮಪಾಲು. ರೆಕ್ಕೆಯನ್ನು ಬಾಗಿಸುವ ಬಲಕ್ಕೆ ಉದ್ದುದ್ದ ಎಳೆಗಳು, ತಿರುಚುವ ಬಲಕ್ಕೆ 45 ಡಿಗ್ರಿ ಓರೆಯ ಎಳೆಗಳು. ಮರ ಕೆತ್ತುವವನು ಮರದ ಎಳೆಯ ದಿಕ್ಕು ನೋಡುತ್ತಾನೆ. ಇಲ್ಲಿ ಆ ದಿಕ್ಕನ್ನು ಕಟ್ಟುವವನೇ ಹಾಸಬೇಕು. ಎಪಾಕ್ಸಿ ಅಂಟಿನ ಎರಡು ಭಾಗಗಳನ್ನು ತಕ್ಕಡಿಯಲ್ಲಿ ತೂಗಿ ಬೆರೆಸಿ, ಬಟ್ಟೆಗೆ ಸುರಿದು, ರಬ್ಬರಿನ ಪಟ್ಟಿಯಿಂದ ಎಳೆದೆಳೆದು ಹರಡುತ್ತಾರೆ. ಅಂಟು ಕಡಿಮೆಯಾದರೆ ಬಟ್ಟೆಯಲ್ಲಿ ಬಿಳಿಯ ಗಾಳಿಮಚ್ಚೆ ಉಳಿದು ಅಲ್ಲಿ ಬಲವಿರುವುದಿಲ್ಲ. ಹೆಚ್ಚಾದರೆ ತೂಕ ಬರುತ್ತದೆ, ಬಲ ಬರುವುದಿಲ್ಲ. ಮರುದಿನಕ್ಕೆ ಅದು ಗಟ್ಟಿಯಾಗಿರುತ್ತದೆ. ಭಟ್ಟಿ ಬೇಡ, ಒತ್ತುಯಂತ ಬೇಡ, ದುಬಾರಿ ಅಚ್ಚು ಬೇಡ. ಕೊನೆಗೆ ನುಣುಪು ಬರುವ ತನಕ ಉಜ್ಜುವುದು. ಕಟ್ಟಿದವರನ್ನು ಕೇಳಿದರೆ ಎಲ್ಲಕ್ಕಿಂತ ಬೇಸರದ ಕೆಲಸ ಇದೇ ಎನ್ನುತ್ತಾರೆ. ಬಣ್ಣ ಮಾತ್ರ ಬಿಳಿಯದೇ ಆಗಬೇಕು. ಗಾಢ ಬಣ್ಣ ಬಿಸಿಲು ಹೀರಿ ಅಂಟನ್ನೂ ಫೋಮನ್ನೂ ಮೆದುಗೊಳಿಸುತ್ತದೆ.

ಹೀಗೆ ಕಟ್ಟಿದ ರೆಕ್ಕೆಯನ್ನು ಒಳಗೆ ಇಣುಕಿ ಪರೀಕ್ಷಿಸಲಾಗದು. ಅಂಟು ಬೆರೆಸಿದ ದಿನ ಲೆಕ್ಕ ತಪ್ಪಿತ್ತೇ, ಬಟ್ಟೆಯ ಒಂದು ಪದರ ಮರೆತುಹೋಗಿತ್ತೇ ಎಂಬುದು ಕಟ್ಟಿದವನ ಮನಸ್ಸಿಗಷ್ಟೇ ಗೊತ್ತು. ರುಟಾನನಿಗೆ ಇದರ ಅರಿವಿತ್ತು. ಆದ್ದರಿಂದಲೇ ಅವನ ಪುಸ್ತಕ ವಿಮಾನದಿಂದ ಆರಂಭವಾಗುವುದಿಲ್ಲ. ಮೊದಲು ಚಿಕ್ಕ ತುಂಡುಗಳ ಮೇಲೆ ಅಭ್ಯಾಸ ಮಾಡಿಸುತ್ತದೆ, ಪುಸ್ತಕಗಳನ್ನು ಒರಗಿಸಿಡುವ ಆಸರೆಯೊಂದನ್ನು ಕಟ್ಟಿಸುತ್ತದೆ. ಅಭ್ಯಾಸದ ತುಂಡನ್ನು ತೂಗಿ ನೋಡಿ, ತೂಕ ಹೆಚ್ಚಿದ್ದರೆ ಅಂಟು ಹೆಚ್ಚಾಗಿದೆ ಎನ್ನುತ್ತದೆ. ಒಳ್ಳೆಯ ಮೇಷ್ಟರೊಬ್ಬರು ಪಕ್ಕದಲ್ಲಿ ನಿಂತು ಹೇಳಿಕೊಟ್ಟಂತಿದೆ ಅದರ ಧಾಟಿ.

1979ರಲ್ಲಿ ಇದರ ದೊಡ್ಡ ತಮ್ಮನಾದ ಲಾಂಗ್-ಈಝೀ ಬಂದಿತು. ಹಿಂದೆ ಮುಂದೆ ಇಬ್ಬರು ಕೂರಬಹುದಾದ, ಖಾಲಿಯಿದ್ದಾಗ ಸುಮಾರು 320 ಕಿಲೋ ತೂಗುವ, 26 ಅಡಿ ರೆಕ್ಕೆಹರವಿನ ವಿಮಾನ. ನಿಲ್ದಾಣದಲ್ಲಿ ಅದು ನಿಂತಿರುವ ಭಂಗಿ ನೋಡಿದವರು ಮರೆಯುವುದಿಲ್ಲ. ಎಂಜಿನ್ ಹಿಂದಿರುವುದರಿಂದ ಚಾಲಕ ಇಳಿದರೆ ಅದು ಹಿಂದಕ್ಕೆ ಮಗುಚೀತು. ಅದಕ್ಕೇ ಮುಂದಿನ ಗಾಲಿಯನ್ನು ಮಡಚಿ, ನಮಸ್ಕರಿಸುವ ಆನೆಯಂತೆ ಮೂತಿಯನ್ನು ನೆಲಕ್ಕೂರಿ ನಿಲ್ಲಿಸುತ್ತಾರೆ.

ದೋಷಗಳೂ ಬೆಳಕಿಗೆ ಬಂದವು. ಮುಂದಿನ ರೆಕ್ಕೆಯ ಮೊದಲ ಆಕಾರ ಮಳೆಯಲ್ಲಿ ನೆನೆದರೆ, ಹುಳುಗಳು ಮೆತ್ತಿಕೊಂಡರೆ ಎತ್ತುವ ಬಲವನ್ನು ಕಳೆದುಕೊಂಡು ಮೂತಿ ಬಾಗುತ್ತಿತ್ತು. ಜಾನ್ ರಾಂಜ್ ಎಂಬ ವಿನ್ಯಾಸಕಾರ ರೂಪಿಸಿದ ಹೊಸ ಆಕಾರದಿಂದ ಲಾಂಗ್-ಈಝೀಯಲ್ಲಿ ಈ ತೊಂದರೆ ನೀಗಿತು. ವಿಮಾನದ ತೂಕದ ಕೇಂದ್ರ ಗೊತ್ತುಪಡಿಸಿದ ಮಿತಿಗಿಂತ ಹಿಂದೆ ಸರಿದರಂತೂ ದೊಡ್ಡ ರೆಕ್ಕೆಯೇ ಮೊದಲು ಸೋಲಬಹುದು, ಆಗ ಕೆನಾರ್ಡ್ ಕೊಟ್ಟ ಅಭಯ ಉಳಿಯುವುದಿಲ್ಲ.

ಈ ಜಾಣ್ಮೆಯ ಶಿಖರವೆಂದರೆ ವಾಯೇಜರ್. 1986ರ ಡಿಸೆಂಬರ್‌ನಲ್ಲಿ ಡಿಕ್ ರುಟಾನ್ ಮತ್ತು ಜೀನಾ ಯೇಗರ್ ಅದರಲ್ಲಿ ಎಲ್ಲಿಯೂ ಇಳಿಯದೆ, ನಡುವೆ ಇಂಧನ ತುಂಬಿಸಿಕೊಳ್ಳದೆ ಒಂಬತ್ತು ದಿನಗಳಲ್ಲಿ ಭೂಮಿಯನ್ನು ಸುತ್ತಿ ಬಂದರು. ಅದನ್ನು ಪತ್ರಿಕೆಗಳಲ್ಲಿ ಓದಿದ ನೆನಪು ನಿಮ್ಮಲ್ಲಿ ಹಲವರಿಗೆ ಇರಬಹುದು. ಆದರೆ ಅದರ ಮರುವರ್ಷವೇ ನಮ್ಮ ಬೆಂಗಳೂರಿನಲ್ಲಿ ನಡೆದದ್ದು ಹೆಚ್ಚು ಜನಕ್ಕೆ ತಿಳಿಯದು. ಆಗ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವೆಂದು ಕರೆಯುತ್ತಿದ್ದ ಎನ್‌ಎಎಲ್ ಸಂಸ್ಥೆಯಲ್ಲಿ, ವಿಜ್ಞಾನಿ ರುಸ್ತುಮ್ ದಮಾನಿಯಾ ಅವರ ನೇತೃತ್ವದಲ್ಲಿ, ಲಾಂಗ್-ಈಝೀ ವಿನ್ಯಾಸವನ್ನೇ ಆಧರಿಸಿ ಕಟ್ಟಿದ ಹಗುರ ಕೆನಾರ್ಡ್ ವಿಮಾನ 1987ರಲ್ಲಿ ಹಾರಿತು. ಅಮೆರಿಕದ ಹವ್ಯಾಸಿಗೆ ಗ್ಯಾರೇಜಿನ ಹುಚ್ಚಾಗಿದ್ದದ್ದು ಇಲ್ಲಿ ಗಾಜಿನ ಬಟ್ಟೆ ಮತ್ತು ಅಂಟಿನ ವಿಮಾನಗಳ ಪಾಠವಾಯಿತು. ದಮಾನಿಯಾ 2001ರಲ್ಲಿ ತೀರಿಕೊಂಡರು. ಬಳಿಕ ಬೆಂಗಳೂರಿನ ರಕ್ಷಣಾ ಸಂಶೋಧಕರು ಅದೇ ವಿಮಾನದಿಂದ ಚಾಲಕನಿಲ್ಲದ ವಿಮಾನವೊಂದನ್ನು ರೂಪಿಸಿ ಅದಕ್ಕೆ ರುಸ್ತುಮ್-1 ಎಂದು ಅವರ ಹೆಸರನ್ನೇ ಇಟ್ಟರು. 2009ರಲ್ಲಿ ಹೊಸೂರಿನ ಬಳಿ ನಡೆದ ಮೊದಲ ಪರೀಕ್ಷೆಯಲ್ಲಿ ಅದು ಬಿದ್ದಿತು, 2010ರಲ್ಲಿ ಯಶಸ್ವಿಯಾಗಿ ಹಾರಿತು.

ಅತ್ತ ರುಟಾನ್ 1985ರಲ್ಲಿಯೇ ನಕ್ಷೆಗಳ ಮಾರಾಟವನ್ನು ನಿಲ್ಲಿಸಿದ್ದ. ಯಾರೋ ಎಲ್ಲಿಯೋ ಕಟ್ಟಿದ ವಿಮಾನ ಬಿದ್ದರೆ ಹೊಣೆ ನಕ್ಷೆ ಬರೆದವನ ಮೇಲೆ ಬರುವ ಅಂಜಿಕೆ ಅದಕ್ಕೆ ಮುಖ್ಯ ಕಾರಣ. ಹಾಗಾದರೆ ಹೊಣೆ ಯಾರದು? ಈ ಪ್ರಶ್ನೆಗೆ ಸುಲಭದ ಉತ್ತರವಿಲ್ಲವೆಂಬುದನ್ನು 1997ರ ಅಕ್ಟೋಬರ್ 12ರ ಘಟನೆ ತೋರಿಸಿತು.

ಜಾನ್ ಡೆನ್ವರ್ ಎಂಬ ಅಮೆರಿಕದ ಗಾಯಕನ ಹಾಡುಗಳನ್ನು ನಮ್ಮ ಕಾಲೇಜು ಹುಡುಗರೂ ಗಿಟಾರು ಹಿಡಿದು ಹಾಡುತ್ತಿದ್ದ ಕಾಲವೊಂದಿತ್ತು. ಆತ 2700 ಗಂಟೆಗಳಿಗೂ ಹೆಚ್ಚಿನ ಅನುಭವವಿದ್ದ ಚಾಲಕ. ಬೇರೊಬ್ಬರು ಕಟ್ಟಿದ್ದ ಲಾಂಗ್-ಈಝೀಯೊಂದನ್ನು ಆಗಷ್ಟೇ ಕೊಂಡಿದ್ದ. ರುಟಾನನ ನಕ್ಷೆಯಲ್ಲಿ, ಎಡ ಮತ್ತು ಬಲ ಇಂಧನ ಟ್ಯಾಂಕುಗಳ ನಡುವೆ ಬದಲಾಯಿಸುವ ತಿರುಪು ಚಾಲಕನ ಕಾಲುಗಳ ನಡುವೆ, ಕೈಗೆ ಎಟುಕುವಂತೆ ಇದೆ. ಈ ವಿಮಾನವನ್ನು ಕಟ್ಟಿದವರು ಅದನ್ನು ಚಾಲಕನ ಎಡಭುಜದ ಹಿಂದಕ್ಕೆ ಸಾಗಿಸಿದ್ದರು. ಅದನ್ನು ತಿರುಗಿಸಬೇಕಾದರೆ ಬಲಗೈಯನ್ನು ನಿಯಂತ್ರಣದ ಕೋಲಿನಿಂದ ತೆಗೆದು, ಮೈಯನ್ನು ಹೊರಳಿಸಿ, ಎಡಭುಜದ ಹಿಂದಕ್ಕೆ ಚಾಚಬೇಕು. ಇಂಧನದ ಮಟ್ಟ ತೋರಿಸುವ ಗಾಜಿನ ಕಿಂಡಿಗಳೂ ಹಿಂದಿನ ಆಸನದ ಬಳಿ ಇದ್ದವು. ಹೊರಡುವ ಮುನ್ನ ನಿಲ್ದಾಣದ ಮೆಕ್ಯಾನಿಕ್ ಅದನ್ನು ನೋಡಲೆಂದು ಕನ್ನಡಿಯೊಂದನ್ನು ಕೊಟ್ಟ. ಇಂಧನ ತುಂಬಿಸಲೇ ಎಂದು ಕೇಳಿದ್ದಕ್ಕೆ ಡೆನ್ವರ್, ಒಂದು ಗಂಟೆಯ ಹಾರಾಟವಷ್ಟೇ, ಬೇಡವೆಂದ.

ವಿಮಾನ ಕ್ಯಾಲಿಫೋರ್ನಿಯದ ಪೆಸಿಫಿಕ್ ಗ್ರೋವ್ ಬಳಿ ಸಮುದ್ರಕ್ಕೆ ಬಿದ್ದಿತು. ಅವನಿಗೆ 53 ವರ್ಷ. ಆ ತಿರುಪನ್ನು ತಿರುಗಿಸಲು ಹೊರಳಿದಾಗ ಬಲಗಾಲು ತಿಳಿಯದೆ ಪೆಡಲನ್ನು ಒತ್ತಿ ವಿಮಾನ ಹಿಡಿತ ತಪ್ಪಿತೆಂದು ತನಿಖಾ ಮಂಡಳಿ ತೀರ್ಮಾನಿಸಿತು. ಇಂಧನ ತುಂಬಿಸದ, ಹೊಸ ವಿಮಾನದಲ್ಲಿ ಸಾಕಷ್ಟು ಪಳಗದ ತಪ್ಪನ್ನು ಚಾಲಕನ ಲೆಕ್ಕಕ್ಕೆ ಬರೆಯಿತು, ತಿರುಪಿನ ಜಾಗ ಬದಲಿಸಿದ್ದನ್ನು ಕಟ್ಟಿದವರ ಲೆಕ್ಕಕ್ಕೆ. ವಿಮಾನದ ಆಕಾರದಲ್ಲಿ ಯಾವ ತಪ್ಪೂ ಇರಲಿಲ್ಲ. ಮುಂದಿನ ರೆಕ್ಕೆ ಸ್ಟಾಲ್ ಆಗದಂತೆ ಕಾಯಬಲ್ಲದೇ ಹೊರತು ಪೆಡಲಿನ ಮೇಲಿನ ಕಾಲನ್ನು ಕಾಯಲಾರದು.

ತಿರುಪನ್ನು ಹಿಂದಕ್ಕೆ ಸಾಗಿಸಿದ್ದು ಅಸಡ್ಡೆಯಿಂದಲ್ಲ ಎಂಬುದೂ ಆ ತನಿಖೆಯಿಂದ ತಿಳಿಯಿತು. ಅಪಘಾತವಾದರೆ ಬೆಂಕಿಯ ಭಯ, ಆದ್ದರಿಂದ ಇಂಧನದ ಕೊಳವೆ ಚಾಲಕ ಕೂರುವ ಜಾಗದೊಳಗೆ ಬರುವುದೇ ಬೇಡ ಎಂದು ಕಟ್ಟಿದವರು ಯೋಚಿಸಿದ್ದರು.